ಮೋಲ, ಸೇವೆ, ಶುಶ್ರೂಷೆ: ಕೂಲಿಯ ಆರೈಕೆಯನ್ನು ಕುರಿತ ಅಧ್ಯಯನಗಳ ಒಂದು ವಿಮರ್ಶೆ

ಸಮಾಜಶಾಸ್ತ್ರದ ಈಚಿನ ಅಧ್ಯಯನಗಳಲ್ಲಿ ‘ಕೇರ್ ವರ್ಕ್’ ಎಂಬ ಪರಿಕಲ್ಪನೆಗೆ ಪ್ರಾಧಾನ್ಯ ದೊರೆತಿದೆ. ಮಕ್ಕಳು, ವೃದ್ಧರು, ರೋಗಿಗಳು ಮೊದಲಾದವರ ದೇಹದ ಹಾಗೂ ದಿನಚರಿಯ ಹೊಣೆಯನ್ನು ಕೂಲಿಗಾಗಿ ಹೊರುವವರ ಕೆಲಸವೆಂದು ಇದನ್ನು ಸ್ಥೂಲವಾಗಿ ವಿವರಿಸಬಹುದು. ಅಡುಗೆ, ಮುಸುರೆಗಳನ್ನೂ ಇದರಲ್ಲಿ ಸೇರಿಸುವವರು ಉಂಟು. ಕನ್ನಡದಲ್ಲಿ ಇದನ್ನು ಏನೆಂದು ಕರೆಯಬೇಕೆಂಬುದು ಮೇಲುನೋಟಕ್ಕೆ ಪಾರಿಭಾಷಿಕ ಪದಕೋಶದ ಸಮಸ್ಯೆ. ಆದರೆ ಸೇವೆ, ಶುಶ್ರೂಷೆ, ಊಳಿಗ, ಆರೈಕೆ ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಅದರ ಬೆನ್ನಿಗೆ ಒಂದು ಸಾಮಾಜಿಕ ಸಂಬಂಧವೂ ಬರುತ್ತದೆ. ಪುಣೆ ನಗರವನ್ನು ಎದುರಿಗಿಟ್ಟುಕೊಂಡು ಈ ಸಮಸ್ಯೆಯನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಈ ಕ್ಷೇತ್ರದ ಬಹುಪಾಲು ಸಂಶೋಧನೆ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರ ‘ದ ಮ್ಯಾನೇಜ್ಡ್ ಹಾರ್ಟ್’ (1983) ಕೃತಿಗೆ ಋಣಿಯಾಗಿದೆ. ಡೆಲ್ಟಾ ವಿಮಾನ ಸಂಸ್ಥೆಯ ಪರಿಚಾರಿಕೆಯರನ್ನು ಅಭ್ಯಸಿಸಿದ ಅವರು, ನಗೆಯೂ ಅಕ್ಕರೆಯೂ ಸಂಬಳದ ಕೆಲಸದ ಭಾಗವಾಗುವುದನ್ನು ತೋರಿಸಿ, ಅದನ್ನು ಭಾವಶ್ರಮವೆಂದು ಗುರುತಿಸಿದರು. ವಿಮಾನವನ್ನು ತಮ್ಮ ಮನೆಯ ಪಡಸಾಲೆಯೆಂದೂ ಪ್ರಯಾಣಿಕರನ್ನು ಅತಿಥಿಗಳೆಂದೂ ಭಾವಿಸಿಕೊಳ್ಳುವಂತೆ ಆ ಹೆಣ್ಣುಮಕ್ಕಳಿಗೆ ತರಬೇತಿ ಇತ್ತು. ಖಾಸಗಿಯಾಗಿದ್ದ ಭಾವ ಮಾರುಕಟ್ಟೆಗೆ ಬಂದಾಗ ದುಡಿಯುವವಳು ತನ್ನ ಭಾವದಿಂದಲೇ ದೂರವಾಗುತ್ತಾಳೆ ಎಂಬುದು ಅವರ ವಾದದ ತಿರುಳು. ವಾದ ಬಲವಾದುದೇ. ಆದರೆ ಕೆಲಸದ ಜಾಗ ನಿಜವಾಗಿಯೂ ಒಂದು ಮನೆಯೇ ಆಗಿರುವಲ್ಲಿ ಇದನ್ನು ಹಾಗೆಯೇ ಅನ್ವಯಿಸುವುದು ನಮಗೆ ಒಪ್ಪಿಗೆಯಾಗುವುದಿಲ್ಲ.

‘ಶುಶ್ರೂಷೆ’ ಎಂಬ ಪದವನ್ನೇ ನೋಡಬಹುದು. ಶ್ರು ಧಾತುವಿನ ಸನ್ನಂತ ರೂಪದಿಂದ ಬಂದ ಇದರ ಮೂಲಾರ್ಥ ‘ಕೇಳುವ ಇಚ್ಛೆ’. ಕೇಳುವುದು ಎಂದರೆ ವಿಧೇಯವಾಗಿರುವುದು. ಕನ್ನಡದಲ್ಲಿಯೂ ‘ಹೇಳಿದ ಮಾತು ಕೇಳು’ ಎನ್ನುವಾಗ ನಾವು ಕಿವಿಯನ್ನು ಕುರಿತು ಹೇಳುತ್ತಿರುವುದಿಲ್ಲ. ರೋಗಿಯ ಉಪಚಾರ ಎಂಬ ಇಂದಿನ ಅರ್ಥ ಅನಂತರದ್ದು. ಮನುಸ್ಮೃತಿಯ ಮೊದಲ ಅಧ್ಯಾಯವು ಶೂದ್ರನಿಗೆ ವಿಧಿಸುವ ಏಕೈಕ ಕರ್ಮವೂ ಈ ಶುಶ್ರೂಷೆಯೇ. ಅಷ್ಟೇ ಅಲ್ಲ, ಅದನ್ನು ಅಸೂಯೆಯಿಲ್ಲದೆ, ಎಂದರೆ ಒಳಗೊಳಗೇ ಕರುಬದೆ, ಮಾಡಬೇಕೆಂದೂ ಅಲ್ಲಿ ಹೇಳಿದೆ. ಕೈಯ ದುಡಿಮೆಯೊಂದೇ ಸಾಲದು, ಮನಸ್ಸೂ ಪ್ರಸನ್ನವಾಗಿರಬೇಕು! ಹಾಕ್‌ಶೀಲ್ಡ್ ಅವರು ಆಧುನಿಕ ವಾಣಿಜ್ಯದಲ್ಲಿ ಕಂಡ ಬೇಡಿಕೆ ನಮ್ಮಲ್ಲಿ ಕೂಲಿಗಿಂತ ಹಳೆಯದು. ಆದುದರಿಂದ ನಮ್ಮ ಸಂದರ್ಭದಲ್ಲಿ ಭಾವಕ್ಕೆ ಬೆಲೆ ಕಟ್ಟಿದ್ದು ದುಃಖದ ಆರಂಭವಾಗಿರದೆ, ಎಷ್ಟೋ ವೇಳೆ ಅದರಿಂದ ಬಿಡುಗಡೆಯ ಆರಂಭವಾಗಿದೆ.

ಪುಣೆಯ ಚರಿತ್ರೆ ಇದಕ್ಕೆ ಎರಡು ಸಾಕ್ಷ್ಯಗಳನ್ನು ಒದಗಿಸುತ್ತದೆ. 1909ರಲ್ಲಿ ರಮಾಬಾಯಿ ರಾನಡೆ ಅವರ ನೇತೃತ್ವದಲ್ಲಿ ಪುಣೆಯ ಸೇವಾ ಸದನ ಸ್ಥಾಪನೆಯಾಯಿತು. ಮೇಲುಜಾತಿಯ ವಿಧವೆಯರು ದಾದಿಯರಾಗುವುದನ್ನು ಸಮಾಜ ಸಹಿಸದಿದ್ದ ಕಾಲದಲ್ಲಿ ಆ ಸಂಸ್ಥೆ ಸಸೂನ್ ಆಸ್ಪತ್ರೆಯಲ್ಲಿ ಅವರ ತರಬೇತಿಗೆ ದಾರಿ ಮಾಡಿತು. ‘ಸೇವೆ’ ಎಂಬ ಹೆಸರಿಲ್ಲದಿದ್ದರೆ ಇದು ಸಾಧ್ಯವಾಗುತ್ತಿತ್ತೆ ಎಂಬುದು ಅನುಮಾನ. ಗೌರವವನ್ನು ಗಳಿಸಲು ಸಂಬಳವನ್ನು ಆ ಪದದ ಮರೆಯಲ್ಲಿ ಇಡಬೇಕಾಯಿತು.

ಎರಡನೆಯದು 1980ರದು. ಕಾಯಿಲೆ ಬಿದ್ದು ಕೆಲವು ದಿನ ಬಾರದಿದ್ದ ಮನೆಗೆಲಸದ ಹೆಂಗಸೊಬ್ಬಳನ್ನು ಕೆಲಸದಿಂದ ಬಿಡಿಸಿದಾಗ ಸುತ್ತಲಿನ ಹೆಂಗಸರು ಯಾರ ಕರೆಗೂ ಕಾಯದೆ ಮುಷ್ಕರ ಹೂಡಿದರು. ಲಾಲ್ ನಿಶಾನ್ ಪಕ್ಷದ ಕಾರ್ಯಕರ್ತರ ನೆರವಿನಿಂದ ಅದು ಪುಣೆ ಶಹರ ಮೋಲಕರೀಣ ಸಂಘಟನೆಯಾಗಿ ರೂಪುಗೊಂಡಿತು. ಮರಾಠಿಯಲ್ಲಿ ‘ಮೋಲ’ ಎಂದರೆ ಬೆಲೆ. ಮೋಲಕರೀಣ ಎಂದರೆ ಬೆಲೆಗೆ ದುಡಿಯುವವಳು. ದಿನಬಳಕೆಯಲ್ಲಿ ತಿರಸ್ಕಾರದ ಛಾಯೆಯುಳ್ಳ ಈ ಪದವನ್ನು ಅವರು ತಮ್ಮ ಹಲಗೆಯ ಮೇಲೆ ಬರೆಸಿಕೊಂಡರು. ಅವರು ಕೇಳಿದ್ದು ಅಕ್ಕರೆಯನ್ನಲ್ಲ, ರಜೆಯನ್ನು ಮತ್ತು ಹೆಚ್ಚಿನ ಕೂಲಿಯನ್ನು. ಇತರರ ಆರೋಗ್ಯವನ್ನು ಕಾಯುವವಳಿಗೆ ತಾನು ಕಾಯಿಲೆ ಬೀಳುವ ಹಕ್ಕಿದೆಯೆ ಎಂಬಲ್ಲಿಂದ ಈ ಚಳವಳಿ ಹೊರಟಿತೆಂಬುದನ್ನು ‘ಕ್ಷೇಮ’ವನ್ನು ಅಳೆಯಹೊರಟವರು ಮರೆಯಬಾರದು.

ರಾಕಾ ರೇ ಮತ್ತು ಸೀಮೀನ್ ಕಯ್ಯೂಮ್ ಅವರ ‘ಕಲ್ಚರ್ಸ್ ಆಫ್ ಸರ್ವಿಟ್ಯೂಡ್’ (2009) ಕೋಲ್ಕತ್ತದ ಯಜಮಾನರ ಪ್ರೀತಿಯ ಮಾತುಗಾರಿಕೆಯನ್ನು ಸೂಕ್ಷ್ಮವಾಗಿ ಬಿಡಿಸಿದೆ. ಪುಣೆಯಲ್ಲಿ ಆ ಕೆಲಸವನ್ನು ‘ಮಾವಶಿ’ ಎಂಬ ಒಂದೇ ಪದ ಮಾಡುತ್ತದೆ. ತಾಯಿಯ ತಂಗಿಯನ್ನು ಕರೆಯುವ ಈ ಪದ ಆಸ್ಪತ್ರೆಯ ಆಯಾಳಿಗೂ ಮನೆಗೆಲಸದವಳಿಗೂ ಸಲ್ಲುತ್ತದೆ. ಕೊಥರೂಡಿನ ಮನೆಯೊಂದರಲ್ಲಿ ಹಾಸಿಗೆ ಹಿಡಿದ ವೃದ್ಧೆಯನ್ನು ನೋಡಿಕೊಳ್ಳುತ್ತಿದ್ದ, ಅಫಜಲಪುರದ ಕಡೆಯ ಹೆಂಗಸೊಬ್ಬರು ನಮ್ಮೊಡನೆ ಕನ್ನಡದಲ್ಲಿ ಮಾತನಾಡಿದರು. ಮನೆಯವರೆಲ್ಲ ಅವರನ್ನು ಮಾವಶಿ ಎನ್ನುತ್ತಿದ್ದರು. “ಸೇವಾ ಅಲ್ರೀ, ಹನ್ನೆರಡು ತಾಸಿನ ಡ್ಯೂಟಿ ಅದ” ಎಂದು ಅವರು ನಮ್ಮನ್ನು ತಿದ್ದಿದರು. ತೃಪ್ತಿ ಇದೆಯೆ ಎಂದು ಕೇಳಿದ್ದಕ್ಕೆ ವೃದ್ಧೆಯ ಮುಖ ನೋಡಿ ‘ಇಲ್ಲದೇನ್ರಿ’ ಎಂದರು. ಪ್ರಶ್ನಾವಳಿಯಲ್ಲಿ ಅದು ‘ಹೌದು’ ಎಂದು ದಾಖಲಾಗುತ್ತದೆ.

ಶಾಸನಗಳಲ್ಲಿಯೂ ಪದಗಳ ಆಯ್ಕೆ ನಿರ್ದೋಷಿಯಲ್ಲ. ಕರ್ನಾಟಕವು 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ನಿಗದಿಪಡಿಸಿತು. ಮಹಾರಾಷ್ಟ್ರದ 2008ರ ಕಾಯಿದೆ ‘ಘರೇಲು ಕಾಮಗಾರ’ರಿಗಾಗಿ ಕಲ್ಯಾಣ ಮಂಡಳಿಯನ್ನು ರಚಿಸಿತು. ಪದ ಹೆಚ್ಚು ಮರ್ಯಾದೆಯದಾಯಿತು, ನೋಂದಣಿಯೂ ನೆರವೂ ಬಂದವು. ಆದರೆ ‘ಮೋಲ’ ಹೋದೊಡನೆ ಕೂಲಿಯ ದರವೂ ಕಾಯಿದೆಯಿಂದ ಹೊರಗುಳಿಯಿತು.

ಕನ್ನಡ ವಿದ್ವತ್ತಿನ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಇಂಥ ದುಡಿಮೆಯನ್ನೆಲ್ಲ ‘ಕಾಯಕ’ವೆಂದು ಕೊಂಡಾಡುವ ಚಾಳಿ ನಮ್ಮ ಲೇಖನಗಳಲ್ಲಿದೆ. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಹಿಂತಿರುಗಿಸಲು ಹೇಳಿದ ಲಕ್ಕಮ್ಮನಿಗೆ ತನ್ನ ಕಾಯಕದ ಅಳತೆಯನ್ನು ತಾನೇ ನಿರ್ಧರಿಸುವ ಅಧಿಕಾರವಿತ್ತು. ಹನ್ನೆರಡು ತಾಸಿನವಳಿಗೆ ಆ ಅಧಿಕಾರ ಎಲ್ಲಿದೆ? ಬಸವಣ್ಣನವರು ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ತಾನು ಹುಟ್ಟಿದೆನೆಂದು ಹೇಳಿಕೊಂಡುದನ್ನು ವಿನಯದ ಪರಾಕಾಷ್ಠೆಯೆಂದು ನಾವು ಹಲವು ವರ್ಷ ಪಾಠ ಹೇಳಿದ್ದೇವೆ. ಆ ದಾಸಿ ಬೆಳಗಿನಿಂದ ಏನೇನು ಮಾಡುತ್ತಿದ್ದಳು, ಅವಳಿಗೆ ಏನು ಸಿಗುತ್ತಿತ್ತು ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.