ಚಿತ್ರದಲ್ಲಿ ತಮಸ್ಸಿನ ಸ್ಥಾನ

ತಮಸ್ಸು ಒಂದು ದ್ರವ್ಯವೋ, ತೇಜಸ್ಸಿನ ಅಭಾವಮಾತ್ರವೋ ಎಂಬುದು ನಮ್ಮ ಶಾಸ್ತ್ರಕಾರರಲ್ಲಿ ಬಹುಕಾಲದಿಂದ ನಡೆದುಬಂದ ವಾದ. ರೂಪವೂ ಚಲನೆಯೂ ತೋರುವುದರಿಂದ ಅದು ದ್ರವ್ಯವೆಂದು ಭಾಟ್ಟಮೀಮಾಂಸಕರು ಹೇಳಿದರೆ, ಅಭಾವವೇ ಎಂದು ನೈಯಾಯಿಕರು ಖಂಡಿಸಿದರು. ಲೋಕದ ಕತ್ತಲೆಯ ಮಾತು ಹೇಗೇ ಇರಲಿ, ಚಿತ್ರದ ಕತ್ತಲೆಯ ವಿಷಯದಲ್ಲಿ ಭಾಟ್ಟಪಕ್ಷವೇ ಗ್ರಾಹ್ಯವೆಂಬುದು ಈ ಲೇಖನದ ಪ್ರತಿಜ್ಞೆ. ಯೂರೋಪಿನ ಬರೋಕ್ ಸಂಪ್ರದಾಯದ ಆದಿಯಲ್ಲಿ ನಿಂತಿರುವ ಒಂದು ಧಾರ್ಮಿಕ ಚಿತ್ರದಿಂದ ಇದನ್ನು ಪರೀಕ್ಷಿಸಬಹುದು.

ರೋಮ್ ನಗರದ ಸಾನ್ ಲೂಯಿಜಿ ದೇಯಿ ಫ್ರಾಂಚೇಜಿ ಎಂಬ ಚರ್ಚಿನಲ್ಲಿ ಕೊಂತಾರೆಲ್ಲಿ ಒಳಗುಡಿಯ ಎಡಗೋಡೆಯ ಮೇಲೆ, ಕಾರವಾಜ್ಜೊ (೧೫೭೧–೧೬೧೦) ೧೫೯೯–೧೬೦೦ರಲ್ಲಿ ರಚಿಸಿದ ‘ಮತ್ತಾಯನ ಕರೆ’ ಎಂಬ ತೈಲಚಿತ್ರವಿದೆ. ಅದರ ಎತ್ತರ ಅಗಲಗಳೆರಡೂ ಮೂರು ಮೀಟರಿಗೆ ಮೀರಿದವು. ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಮತ್ತಾಯನನ್ನು ಯೇಸು ಕರೆದನು. ಅವನು ಎದ್ದು ಹಿಂಬಾಲಿಸಿದನು. ಸುವಾರ್ತೆಯಲ್ಲಿ ಕಥೆ ಇಷ್ಟೇ. ಕರೆಗೂ ಏಳುವಿಕೆಗೂ ನಡುವಣ ಕ್ಷಣವನ್ನು ಚಿತ್ರಕಾರನು ಹಿಡಿದಿದ್ದಾನೆ. ಮೇಜಿನ ಸುತ್ತ ಐವರು. ಬಲಗಡೆ ಯೇಸುವೂ ಪೇತ್ರನೂ.

ಇಂಥ ಕತ್ತಲೆಯು ಅಶಕ್ತಿಯ ಮರೆಯೆಂಬ ಆಕ್ಷೇಪ ಹಳೆಯದು. ಇವನಿಗೆ ನೆಲಮಾಳಿಗೆಯಿಂದ ಹೊರಬರಲು ತಿಳಿಯದೆಂದು ಹಿರಿಯ ಚಿತ್ರಕಾರರು ಹಳಿಯುತ್ತಿದ್ದುದನ್ನು ಬೆಲ್ಲೋರಿಯು ೧೬೭೨ರಲ್ಲಿ ಪ್ರಕಟಿಸಿದ ಚಿತ್ರಕಾರರ ಚರಿತ್ರೆಯಲ್ಲಿ ಹೇಳಿದ್ದಾನೆ. ಆದರೆ ಚಿತ್ರವನ್ನೇ ನೋಡಿದರೆ ಈ ಆಕ್ಷೇಪ ನಿಲ್ಲುವುದಿಲ್ಲ.

ಅಲ್ಲಿ ಬರೆದಿರುವ ಕಿಟಕಿಯಿಂದ ಬೆಳಕು ಬಾರದು. ಬೆಳಕು ಬರುವುದು ಬಲಗಡೆಯಿಂದ, ಚಿತ್ರದ ಹೊರಗಣಿಂದ, ಯೇಸುವಿನ ತಲೆಯ ಮೇಲೆ ಓರೆಯಾಗಿ ಹಾಯ್ದು. ಒಳಗುಡಿಯ ಪೂಜಾಪೀಠದ ಮೇಲಣ ನಿಜವಾದ ಕಿಟಕಿಯೂ ಆ ದಿಕ್ಕಿನಲ್ಲಿಯೇ ಇದೆ. ಹೀಗೆ ಭಕ್ತನು ನಿಂತ ಸ್ಥಳದ ಬೆಳಕೇ ಚಿತ್ರವನ್ನು ಹೊಕ್ಕಂತಾಗಿದೆ.

ಇನ್ನು ಕತ್ತಲೆಯ ವ್ಯಾಪಾರ. ಯೇಸುವಿನ ದೇಹವನ್ನು ಬಹುಮಟ್ಟಿಗೆ ಪೇತ್ರನು ಮರೆಮಾಡಿದ್ದಾನೆ. ಉಳಿದುದನ್ನು ಕತ್ತಲೆ ನುಂಗಿದೆ. ಕಾಣುವುದು ಮುಖದ ಒಂದು ಭಾಗ, ಚಾಚಿದ ಒಂದು ಕೈ. ಪೇತ್ರನನ್ನು ಆಮೇಲೆ ಸೇರಿಸಿದುದೆಂದು ಕ್ಷ-ಕಿರಣ ಪರೀಕ್ಷೆಯಿಂದ ತಿಳಿದುಬಂದಿದೆ. ಆದುದರಿಂದ ಈ ಮರೆ ಆಕಸ್ಮಿಕವಲ್ಲ, ಬುದ್ಧಿಪೂರ್ವಕ. ಆ ಕೈಯಾದರೋ ಸಿಸ್ಟೈನ್ ಗುಡಿಯ ಚಾವಣಿಯಲ್ಲಿ ಮಿಕೆಲಾಂಜೆಲೊ ಬರೆದ ಆದಾಮನ ಕೈಯನ್ನು ನೆನಪಿಗೆ ತರುತ್ತದೆ. ಹೊಸ ಮನುಷ್ಯನ ಸೃಷ್ಟಿಯೆಂಬ ಅರ್ಥ ಅದರಿಂದ ಧ್ವನಿತವಾಗುತ್ತದೆ. ದೇಹವೆಲ್ಲವೂ ಬೆಳಗಿದ್ದರೆ ಆ ಕೈಯ ಮೇಲೆ ದೃಷ್ಟಿ ನಿಲ್ಲುತ್ತಿರಲಿಲ್ಲ. ವಾಚ್ಯವನ್ನು ಸಂಕೋಚಗೊಳಿಸಿ ವ್ಯಂಗ್ಯಕ್ಕೆ ಎಡೆಮಾಡುವ ಕೆಲಸವನ್ನು ಇಲ್ಲಿ ಕತ್ತಲೆಯೇ ಮಾಡಿದೆ. ಕೇವಲ ಅಭಾವಕ್ಕೆ ಇಂಥ ವ್ಯಾಪಾರವೆಲ್ಲಿಯದು?

ಐವರಲ್ಲಿ ಮತ್ತಾಯನಾರೆಂಬ ಪ್ರಶ್ನೆ ವಿದ್ವಾಂಸರಲ್ಲಿ ಉಂಟು. ಬೆರಳು ತೋರಿಸುತ್ತಿರುವ ಗಡ್ಡದವನೆಂದು ರೂಢಿ. ಮೇಜಿನ ಕೊನೆಯಲ್ಲಿ ತಲೆತಗ್ಗಿಸಿ ನಾಣ್ಯಗಳಲ್ಲಿ ಮಗ್ನನಾದ ತರುಣನೆಂದು ಕೆಲವರು. ಬೆರಳು ತನ್ನನ್ನು ತೋರುತ್ತದೆಯೋ ತರುಣನನ್ನೋ ಎಂಬ ಸಂದೇಹವೇ ಇದಕ್ಕೆ ಮೂಲ. ಬೆರಳು ನಿರ್ಣಯಿಸದುದನ್ನು ಬೆಳಕು ನಿರ್ಣಯಿಸುತ್ತದೆ. ಗರಿಯ ಟೋಪಿಯ ಹುಡುಗರ ಮೇಲೂ ಅದು ಬಿದ್ದಿದೆ. ಅವರು ನೋಡುತ್ತಾರೆ, ತಮಗಾಗಿ ಎಂದರಿಯರು. ಕನ್ನಡಕದ ಮುದುಕನೂ ತರುಣನೂ ತಲೆಯನ್ನೇ ಎತ್ತರು. ಬೆಳಕಿಗೆ ಮುಖವೊಡ್ಡಿ ‘ನಾನೇ?’ ಎಂದು ಬೆರಗಾದವನು ಗಡ್ಡದವನೊಬ್ಬನೇ; ಅವನ ಬಲಗೈ ಇನ್ನೂ ನಾಣ್ಯಗಳ ಬಳಿಯಲ್ಲಿಯೇ ಇದೆ. ಆದಕಾರಣ ರೂಢಿಯ ಪಕ್ಷವೇ ಯುಕ್ತ.

ಬೆಳಕು ಎಲ್ಲರಿಗೂ ಒಂದೇ. ಅದನ್ನು ಸ್ವೀಕರಿಸುವುದರಲ್ಲಿ ಭೇದ. ಆ ಭೇದವನ್ನು ಕಣ್ಣಿಗೆ ಕಾಣಿಸುವುದಕ್ಕೆ ಕತ್ತಲೆ ಬೇಕಾಯಿತು. ಇದನ್ನರಿಯದೆ ಹಿನ್ನೆಲೆಗೆ ಕಪ್ಪು ಬಳಿದವರು ಚಿತ್ರಕಾರನ ರೀತಿಯನ್ನು ಪಡೆದರೇ ಹೊರತು ಧ್ವನಿಯನ್ನು ಪಡೆಯಲಿಲ್ಲ.