ವೃಂದಗಾನದ ಆರು ಗುಣಗಳು: ಸುಪ್ರೀಮ್ಸ್ ಗಾಯಕಿಯರ ವಿಮರ್ಶೆ

ದೇವಗಿರಿಯ ಸಿಂಘಣ ರಾಜನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಹದಿಮೂರನೆಯ ಶತಮಾನದಲ್ಲಿ ರಚಿಸಿದ ‘ಸಂಗೀತರತ್ನಾಕರ’ದಲ್ಲಿ ಗಾಯಕರನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಒಬ್ಬನೇ ನಿಂತು ಹಾಡುವವನು ಏಕಲ. ಇನ್ನೊಬ್ಬನೊಡನೆ ಹಾಡುವವನು ಯಮಲ. ಮೇಳದೊಡನೆ ಹಾಡುವವನು ವೃಂದಗಾಯನ. ಇಷ್ಟಕ್ಕೇ ನಿಲ್ಲದೆ ವೃಂದಕ್ಕಿರಬೇಕಾದ ಆರು ಗುಣಗಳನ್ನೂ ಆತನು ಎಣಿಸಿರುವನು. ಮುಖ್ಯಗಾಯಕನನ್ನು ಅನುಸರಿಸುವುದು, ಧ್ವನಿಗಳ ಮಿಲನ, ತಾಳದಲ್ಲಿ ಲೀನವಾಗಿ ನಡೆಯುವುದು, ಒಬ್ಬರ ಗಾನವು ನಡುವೆ ತುಂಡಾದಾಗ ಇನ್ನೊಬ್ಬರು ಅದನ್ನು ಎತ್ತಿಕೊಂಡು ನಿರ್ವಹಿಸುವುದು, ಮಂದ್ರ ಮಧ್ಯ ತಾರಗಳೆಂಬ ಮೂರು ಸ್ಥಾನಗಳನ್ನೂ ವ್ಯಾಪಿಸುವ ಶಕ್ತಿ, ಕಡೆಯದಾಗಿ ಧ್ವನಿಸಾದೃಶ್ಯ: ಇವೇ ಆ ಆರು ಗುಣಗಳು. ನಾಲ್ಕನೆಯದಕ್ಕೆ ತ್ರುಟಿತನಿರ್ವಾಹವೆಂದು ಹೆಸರು.

ರಾಜಸಭೆಯ ಮೇಳಗಳಿಗಾಗಿ ಮಾಡಿದ ಈ ಅಳತೆಗೋಲು ಸಮುದ್ರದಾಚೆಯ ಜನಪ್ರಿಯ ಗಾನಕ್ಕೆ ಒದಗೀತೇ ಎಂಬ ಶಂಕೆ ಸಹಜವಾದುದು. ಅಂತಹ ಹಾಡುಗಳನ್ನು ಮನೆಯ ಹಿರಿಯರು ಗದ್ದಲವೆಂದು ತಳ್ಳಿಬಿಡುವುದೂ, ಕಿರಿಯರು ಹಾಡಿದವರ ಉಡಿಗೆ ತೊಡಿಗೆಗಳನ್ನು ಹೊಗಳಿ ತೃಪ್ತರಾಗುವುದೂ ಲೋಕದಲ್ಲಿ ಕಾಣತಕ್ಕ ಸಂಗತಿಯೇ. ಈ ಎರಡೂ ವಿಮರ್ಶೆಯೆನಿಸವು. ಲಕ್ಷಣವು ನಿಜವಾದ ಲಕ್ಷಣವಾಗಿದ್ದರೆ ಅದು ದೇಶಕಾಲಗಳ ಎಲ್ಲೆಯನ್ನು ಮೀರಿ ನಿಲ್ಲಬೇಕು. ಅಮೇರಿಕಾದ ‘ಸುಪ್ರೀಮ್ಸ್’ ಎಂಬ ಸ್ತ್ರೀವೃಂದದ ಚರಿತ್ರೆಯು ಈ ಪರೀಕ್ಷೆಗೆ ಬಹಳ ಒಳ್ಳೆಯ ಉದಾಹರಣೆ. ಏಕೆಂದರೆ ಒಂದೇ ಮೇಳದಿಂದ ಹೊರಟ ಮೂವರು ಗಾಯಕಿಯರು ಕಡೆಗೆ ಏಕಲಗಾಯಕಿಯರಾದರು. ಮೂವರ ಗತಿಯೂ ಬೇರೆ ಬೇರೆಯಾಯಿತು.

ಮೋಟಾರು ಗಾಡಿಗಳ ಕಾರ್ಖಾನೆಗಳಿಂದ ಹೆಸರಾದ ಡೆಟ್ರಾಯಿಟ್ ನಗರಕ್ಕೆ ದಕ್ಷಿಣದ ಸೀಮೆಗಳಿಂದ ಕೆಲಸವನ್ನರಸಿ ಬಂದ ಕಪ್ಪು ಜನರ ಕುಟುಂಬಗಳು ಅನೇಕ. ಅವರಲ್ಲಿ ಎಷ್ಟೋ ಮಂದಿ ಬ್ರೂಸ್ಟರ್ ಎಂಬ ಸರಕಾರಿ ವಸತಿಗಳಲ್ಲಿ ನೆಲೆಸಿದ್ದರು. 1959ರಲ್ಲಿ ಫ್ಲಾರೆನ್ಸ್ ಬ್ಯಾಲರ್ಡ್, ಮೇರಿ ವಿಲ್ಸನ್, ಡಯಾನಾ ರಾಸ್, ಬೆಟ್ಟಿ ಮೆಕ್‌ಗ್ಲೋನ್ ಎಂಬ ನಾಲ್ವರು ಹುಡುಗಿಯರು ಕೂಡಿ ‘ಪ್ರೈಮೆಟ್ಸ್’ ಎಂಬ ಮೇಳವನ್ನು ಕಟ್ಟಿದರು. ಬೆಟ್ಟಿಯ ಸ್ಥಾನಕ್ಕೆ ಬಾರ್ಬರಾ ಮಾರ್ಟಿನ್ ಬಂದಳು. 1961ರ ಜನವರಿಯಲ್ಲಿ ಬೆರಿ ಗಾರ್ಡಿಯ ಮೋಟೌನ್ ಸಂಸ್ಥೆಯು ಅವರನ್ನು ಸೇರಿಸಿಕೊಂಡು ಹೊಸ ಹೆಸರು ಇಟ್ಟುಕೊಳ್ಳಲು ಹೇಳಿದಾಗ ‘ಸುಪ್ರೀಮ್ಸ್’ ಎಂಬುದನ್ನು ಆರಿಸಿದವಳು ಬ್ಯಾಲರ್ಡಳೇ. 1962ರಲ್ಲಿ ಬಾರ್ಬರಾಳೂ ಬಿಟ್ಟುಹೋದ ಮೇಲೆ ಉಳಿದವರು ಮೂವರು. ಹೆಸರನ್ನು ಕೊಟ್ಟವಳು ಯಾರೆಂಬುದನ್ನು ವಾಚಕರು ಮರೆಯದಿರಬೇಕು. ಮುಂದೆ ಅದು ಬೇಕಾಗುವುದು.

ಗಾರ್ಡಿಯು ಹಿಂದೆ ಮೋಟಾರು ಕಾರ್ಖಾನೆಯಲ್ಲಿ ದುಡಿದವನು. ಬರಿಯ ಚೌಕಟ್ಟು ಒಂದು ಕೊನೆಯಲ್ಲಿ ಹೊರಟು, ಕೈಯಿಂದ ಕೈಗೆ ಸಾಗಿ, ಇನ್ನೊಂದು ಕೊನೆಯಲ್ಲಿ ಪೂರ್ಣವಾದ ಗಾಡಿಯಾಗಿ ಹೊರಬರುವ ಕ್ರಮವನ್ನು ಆತನು ಗಾನಕ್ಕೂ ಅಳವಡಿಸಿದನು. ಹಾಡು ಕಟ್ಟುವವರು ಬೇರೆ. ವಾದ್ಯ ನುಡಿಸುವವರು ಬೇರೆ. ಸಭೆಯಲ್ಲಿ ನಿಲ್ಲುವ, ನಡೆಯುವ, ಮಾತಾಡುವ ರೀತಿಯನ್ನು ಕಲಿಸಲು ಮ್ಯಾಕ್ಸಿನ್ ಪವೆಲ್ ಎಂಬ ಅಧ್ಯಾಪಿಕೆ. ಹೆಜ್ಜೆಗಳನ್ನು ಕಲಿಸಲು ಚಾಲಿ ಅಟ್ಕಿನ್ಸ್ ಎಂಬ ನೃತ್ಯಾಚಾರ್ಯ. ಆದರೂ ಮೊದಲ ಮೂರು ವರುಷಗಳಲ್ಲಿ ಈ ಮೇಳದ ಒಂದು ಹಾಡೂ ದೇಶದ ಮಾರಾಟದ ಪಟ್ಟಿಯಲ್ಲಿ ಮೊದಲ ಇಪ್ಪತ್ತರೊಳಗೆ ಬರಲಿಲ್ಲ. 1964ರಲ್ಲಿ ಬ್ರಯನ್ ಹಾಲಂಡ್, ಲಮಾಂಟ್ ಡೋಜಿಯರ್, ಎಡ್ಡಿ ಹಾಲಂಡ್ ಎಂಬ ಮೂವರು ಕಟ್ಟಿದ ‘ವೇರ್ ಡಿಡ್ ಅವರ್ ಲವ್ ಗೋ’ ಎಂಬ ಹಾಡು ಮೊದಲನೆಯ ಸ್ಥಾನಕ್ಕೇರಿತು. ಅದರ ಬೆನ್ನಿಗೇ ಇನ್ನು ನಾಲ್ಕು, ಒಟ್ಟು ಐದು ಹಾಡುಗಳು ಸಾಲಾಗಿ ಆ ಸ್ಥಾನವನ್ನು ಪಡೆದವು. 1969ರ ಹೊತ್ತಿಗೆ ಅಂತಹವು ಹನ್ನೆರಡಾದವು. ಅವುಗಳಲ್ಲಿ ಹತ್ತು ಆ ಮೂವರ ರಚನೆಗಳೇ. ಹಾಡುಗಳ ಸಂಪುಟಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನು ಪಡೆದ ಮೊತ್ತಮೊದಲ ಸ್ತ್ರೀವೃಂದವೆಂಬ ಕೀರ್ತಿಯೂ 1966ರಲ್ಲಿ ಇವರಿಗೇ ಸಂದಿತು.

ಇನ್ನು ಗುಣಪರೀಕ್ಷೆ. ಮುಖ್ಯಗಾಯಕಿಯನ್ನಾಗಿ ರಾಸಳನ್ನು ನಿಲ್ಲಿಸಿದುದು ಪಕ್ಷಪಾತವೆಂದೂ, ಬ್ಯಾಲರ್ಡಳ ಕಂಠವೇ ಹೆಚ್ಚು ಬಲವಾದುದೆಂದೂ ಅನೇಕರ ವಾದ. ಬ್ಯಾಲರ್ಡಳ ಧ್ವನಿಯಲ್ಲಿ ತುಂಬುಗಾತ್ರವೂ ಇಗರ್ಜಿಯ ಭಕ್ತಿಗಾನದ ಆವೇಶವೂ ಇದ್ದುದು ನಿಜ. 1961ರ ‘ಬಟರ್ಡ್ ಪಾಪ್‌ಕಾರ್ನ್’ ಎಂಬ ಹಾಡಿನಲ್ಲಿ ಅದನ್ನು ಕೇಳಬಹುದು. ಆದರೆ ಬಲವೇ ಯೋಗ್ಯತೆಯಲ್ಲ. ಔಚಿತ್ಯವೇ ಕಾವ್ಯದ ಜೀವವೆಂದ ಕ್ಷೇಮೇಂದ್ರನ ಮಾತು ಗಾನಕ್ಕೂ ಸಲ್ಲುವುದು. ರಾಸಳ ಧ್ವನಿ ತೆಳುವಾದುದು, ಚೂಪಾದುದು, ಸ್ವಲ್ಪ ಅನುನಾಸಿಕವಾದುದು. ಸಣ್ಣ ರೇಡಿಯೋ ಪೆಟ್ಟಿಗೆಯಿಂದಲೂ, ಓಡುವ ಮೋಟಾರಿನ ಸದ್ದಿನ ನಡುವೆಯೂ ಒಂದೊಂದಕ್ಷರವೂ ಸ್ಪಷ್ಟವಾಗಿ ಕೇಳುವುದು. ಮೇಲಾಗಿ ಆ ಮೂವರು ರಚನಕಾರರ ಹಾಡುಗಳ ನಾಯಿಕೆಯು ಪ್ರಿಯನನ್ನು ಗದರಿಸುವವಳಲ್ಲ. ಬಿಟ್ಟುಹೋಗುವವನನ್ನು ತಡೆದು ಬೇಡಿಕೊಳ್ಳುವವಳು. ಪದಗಳು ವಿಪ್ರಲಂಭವನ್ನು ಹೇಳುತ್ತಿದ್ದರೆ ತಾಳವು ಹರ್ಷದಿಂದ ಕುಣಿಯುವುದು. ಈ ವಿರೋಧವನ್ನು ಹೊರಲು ಆವೇಶದ ಕಂಠಕ್ಕಿಂತ ತಡೆಹಿಡಿದ ಕಂಠವೇ ತಕ್ಕುದು. ಆದಕಾರಣ ಈ ಆಯ್ಕೆಯು ಗಾನದೃಷ್ಟಿಯಿಂದ ಯುಕ್ತವೆಂದೇ ಹೇಳಬೇಕಾಗಿದೆ.

ಅನುವೃತ್ತಿ, ಮಿಲನ, ತಾಳಲೀನತೆ ಎಂಬ ಮೂರು ಗುಣಗಳು 1964 ಮತ್ತು 1965ರ ಹಾಡುಗಳಲ್ಲಿ ತುಂಬಿವೆ. ‘ವೇರ್ ಡಿಡ್ ಅವರ್ ಲವ್ ಗೋ’ ಹಾಡಿನಲ್ಲಿ ಹಲಗೆಯ ಮೇಲೆ ಕಾಲು ತುಳಿದ ಸದ್ದೇ ತಾಳವಾಗಿ ಪರಿಣಮಿಸಿದೆ. ವಿಲ್ಸನ್ ಮತ್ತು ಬ್ಯಾಲರ್ಡರು ಎರಡು ಮೂರು ಪದಗಳನ್ನು ಮಾತ್ರ ಮತ್ತೆ ಮತ್ತೆ ಉಚ್ಚರಿಸುತ್ತಾರೆ. ಕೇಳಲು ಇದು ಅಲ್ಪವೆನಿಸಬಹುದು. ಆ ಎರಡು ಪದಗಳನ್ನು ತೆಗೆದುಬಿಟ್ಟರೆ ರಾಸಳ ಮೊರೆಯು ಅರಣ್ಯರೋದನವಾಗುವುದು. ಅವು ಇರುವುದರಿಂದಲೇ ಸಖಿಯರ ನಡುವೆ ಹೇಳಿಕೊಂಡ ದುಃಖವಾಗುವುದು. 1965ರ ‘ಸ್ಟಾಪ್! ಇನ್ ದ ನೇಮ್ ಆಫ್ ಲವ್’ ಹಾಡನ್ನು ಅಭಿನಯಿಸುವಾಗ ಮೂವರೂ ಅಂಗೈಯನ್ನು ಮುಂದೆ ಚಾಚಿ ನಿಲ್ಲುವರು. ಪತಾಕಹಸ್ತವನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಪ್ಪು ಜನರಿಗೆ ಹೊಟೇಲು ನಾಟಕಶಾಲೆಗಳ ಬಾಗಿಲು ತೆರೆಯಬೇಕೆಂಬ ಕಾಯಿದೆ ಆ ದೇಶದಲ್ಲಿ ಜಾರಿಗೆ ಬಂದುದು 1964ರ ಜುಲೈನಲ್ಲಿ. ಅದೇ ವರುಷದ ಡಿಸೆಂಬರಿನಲ್ಲಿ ಎಡ್ ಸಲಿವನ್ನನ ಟೆಲಿವಿಷನ್ ಸಭೆಯಲ್ಲಿ ಈ ಮೂವರು ಕಾಣಿಸಿಕೊಂಡರು. ಅವರ ನಯವನ್ನು ಬಿಳಿಯರನ್ನು ಮೆಚ್ಚಿಸುವ ವೇಷವೆಂದು ಹಳಿದವರುಂಟು. ಆದರೆ ಸರಕಾರಿ ವಸತಿಯಿಂದ ಬಂದ ಹುಡುಗಿಯರು ತಲೆಯೆತ್ತಿ ನಿಂತ ಆ ನಿಲುವು ಅಸಂಖ್ಯ ಮನೆಗಳ ಮಕ್ಕಳಿಗೆ ಕೊಟ್ಟ ಧೈರ್ಯವನ್ನು ಹಾಗೆ ಹಳಿದವರು ಲೆಕ್ಕಕ್ಕೆ ತಂದುಕೊಂಡಂತೆ ಕಾಣುವುದಿಲ್ಲ.

ದೋಷವು ಹೊಕ್ಕುದು ನಾಲ್ಕನೆಯ ಗುಣದಲ್ಲಿ. 1967ರಲ್ಲಿ ಮೇಳದ ಹೆಸರು ‘ಡಯಾನಾ ರಾಸ್ ಅಂಡ್ ದ ಸುಪ್ರೀಮ್ಸ್’ ಎಂದಾಯಿತು. ಅಂಗಿಯು ಅಂಗಗಳಿಂದ ಬೇರ್ಪಟ್ಟು ತಾನೇ ಒಂದು ಹೆಸರಾಗಿ ನಿಂತಿತು. ಬ್ಯಾಲರ್ಡಳು ಮನನೊಂದು ಪಾನದ ವಶಳಾದಳು. ಕೆಲವು ಸಭೆಗಳಿಗೆ ಬಾರದೆಹೋದಳು. ಅದು ಅವಳ ತಪ್ಪಲ್ಲವೆನ್ನಲಾಗದು. ಆದರೆ ಗಾನವು ತುಂಡಾದೆಡೆಯಲ್ಲಿ ಎತ್ತಿಹಿಡಿಯುವುದು ವೃಂದದ ಧರ್ಮವಲ್ಲವೇ? ಇಲ್ಲಿ ಎತ್ತಿಹಿಡಿಯುವುದಕ್ಕೆ ಪ್ರತಿಯಾಗಿ ಬದಲಾಯಿಸುವುದು ನಡೆಯಿತು. ಅದೇ ವರುಷ ಅವಳ ಸ್ಥಾನದಲ್ಲಿ ಸಿಂಡಿ ಬರ್ಡ್‌ಸಾಂಗ್ ಬಂದು ನಿಂತಳು. ಕಾರ್ಖಾನೆಯಲ್ಲಿ ಸವೆದ ಬಿಡಿಭಾಗವನ್ನು ತೆಗೆದು ಇನ್ನೊಂದನ್ನು ಹಾಕುವ ಕ್ರಮವೇ ಮನುಷ್ಯರಿಗೂ ಅನ್ವಯಿಸಿತು. ಇದರ ಪರಿಣಾಮವು ಗಾನದಲ್ಲಿಯೂ ಕಾಣದೆ ಹೋಗಲಿಲ್ಲ. 1968ರ ‘ಲವ್ ಚೈಲ್ಡ್’ ಹಾಡಿನಲ್ಲಿ ಹಿಮ್ಮೇಳದ ಧ್ವನಿಗಳು ವಿಲ್ಸನ್ ಮತ್ತು ಬರ್ಡ್‌ಸಾಂಗರವಲ್ಲ. ಸಂಸ್ಥೆಯ ಸಂಬಳದ ಗಾಯಕಿಯರವು. 1969ರಲ್ಲಿ ರಾಸಳು ಮೇಳದ ಹೆಸರಿನಲ್ಲಿ ಹಾಡಿದ ಕಡೆಯ ಜಯಗೀತವು ‘ಸಮ್‌ಡೇ ವೀಲ್ ಬೀ ಟುಗೆದರ್’, ಎಂದರೆ ಮುಂದೊಂದು ದಿನ ಎಲ್ಲರೂ ಕೂಡಿರುವೆವು ಎಂಬರ್ಥದ್ದು. ಆ ಮುದ್ರಿಕೆಯಲ್ಲಿಯೂ ಜತೆಗಾತಿಯರಿಬ್ಬರ ಧ್ವನಿಯಿಲ್ಲ. ಕೂಡುವ ಮಾತನ್ನು ಕೂಡದೆಯೇ ಹಾಡಿದುದಕ್ಕಿಂತ ಬಲವಾದ ವ್ಯಂಗ್ಯವನ್ನು ಯಾವ ಕವಿಯೂ ಕಲ್ಪಿಸಲಾರನು.

1970ರ ಜನವರಿ 14ರಂದು ಲಾಸ್ ವೇಗಾಸಿನಲ್ಲಿ ರಾಸಳು ಮೇಳದಿಂದ ಬೀಳ್ಕೊಂಡಳು. ಅವಳ ಏಕಲಗಾನದ ಫಲವು ಹಿರಿದಾದುದು. ಅದೇ ವರುಷದ ‘ಏಂಟ್ ನೋ ಮೌಂಟನ್ ಹೈ ಎನಫ್’ ಎಂಬುದು 1967ರಲ್ಲಿ ಮಾರ್ವಿನ್ ಗೇ ಮತ್ತು ಟಾಮಿ ಟೆರೆಲ್ಲರು ಯಮಲವಾಗಿ ಹಾಡಿದ ಹಾಡು. ರಾಸಳು ಅದನ್ನು ಮಾತಿನಿಂದ ಮೊದಲುಮಾಡಿ, ಮೆಲ್ಲಮೆಲ್ಲನೆ ಏರಿಸಿ, ಕಡೆಯಲ್ಲಿ ಮಾತ್ರ ಕಂಠವನ್ನು ಬಿಚ್ಚುತ್ತಾಳೆ. ಮಿತಿಯನ್ನೇ ಗುಣವನ್ನಾಗಿ ಮಾಡಿಕೊಂಡ ಜಾಣ್ಮೆ ಇದು. 1972ರ ‘ಲೇಡಿ ಸಿಂಗ್ಸ್ ದ ಬ್ಲೂಸ್’ ಚಲಚ್ಚಿತ್ರದಲ್ಲಿ ಬಿಲ್ಲಿ ಹಾಲಿಡೇ ಎಂಬ ಮಹಾಗಾಯಕಿಯ ಪಾತ್ರವನ್ನು ಧರಿಸಿದಾಗ ಅವಳನ್ನು ಅಣಕಿಸದೆ, ಅವಳ ಸಾವಕಾಶವನ್ನು ಮಾತ್ರ ಗ್ರಹಿಸಿಕೊಂಡು ಹಾಡಿದಳು. ಆಸ್ಕರ್ ಬಹುಮಾನಕ್ಕೆ ಅವಳ ಹೆಸರು ಸೂಚಿತವಾಯಿತು. 1980ರ ‘ಅಪ್‌ಸೈಡ್ ಡೌನ್’ ಹಾಡಿನಲ್ಲಿ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸರ ಬಿಗಿಯಾದ ಲಯವು ಆ ತೆಳುಧ್ವನಿಗೆ ಹೊಸ ಆಸರೆಯಾಯಿತು. 1983ರ ಜುಲೈನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಿರುಮಳೆ ಹೊಡೆದಾಗ, ಅವಳು ನೆನೆಯುತ್ತಲೇ ಹಾಡಿ, ಜನರನ್ನು ಸಮಾಧಾನದಿಂದ ಮನೆಗೆ ಕಳುಹಿಸಿ, ಮರುದಿನ ಮತ್ತೆ ಹಾಡಿದಳು. ಅವಳಲ್ಲಿ ಶ್ರದ್ಧೆಯಿಲ್ಲವೆನ್ನುವವರು ಇದನ್ನು ನೆನೆಯಬೇಕು. ಆದರೂ ಅವಳ ಏಕಲಗಾನದಲ್ಲಿ ಒಂದು ಕೊರತೆಯುಂಟು. ರಚನಕಾರರು ಬದಲಾದಂತೆಲ್ಲ ಅವಳ ಗಾನದ ಸ್ವರೂಪವೂ ಬದಲಾಗುವುದು. ಸ್ಥಿರವಾಗಿ ಉಳಿಯುವುದು ವ್ಯಕ್ತಿತ್ವವೇ ಹೊರತು ಶೈಲಿಯಲ್ಲ.

ಬ್ಯಾಲರ್ಡಳ ಏಕಲಗಾನದ ಕಥೆ ಚಿಕ್ಕದು. 1968ರಲ್ಲಿ ಬೇರೊಂದು ಸಂಸ್ಥೆಯಿಂದ ಎರಡು ಮುದ್ರಿಕೆಗಳು ಹೊರಬಂದವು. ಸಿದ್ಧಪಡಿಸಿದ ಸಂಪುಟವು ಅವಳ ಜೀವಮಾನದಲ್ಲಿ ಪ್ರಕಟವಾಗಲಿಲ್ಲ. ಹಿಂದೆ ತಾನು ಸುಪ್ರೀಮ್ಸ್ ಮೇಳದವಳಾಗಿದ್ದೆನೆಂದು ಪ್ರಚಾರದಲ್ಲಿ ಹೇಳಿಕೊಳ್ಳಕೂಡದೆಂದು ಕರಾರಿನಲ್ಲಿ ನಿರ್ಬಂಧವಿದ್ದಿತು. ಮೇಳಕ್ಕೆ ಹೆಸರಿಟ್ಟವಳಿಗೇ ಆ ಹೆಸರು ನಿಷಿದ್ಧವಾಯಿತು! 1971ರಲ್ಲಿ ಹೂಡಿದ ದಾವೆಯು ಫಲಿಸಲಿಲ್ಲ; ಮನೆಯು ಕೈಬಿಟ್ಟಿತು; ಮೂವರು ಹೆಣ್ಣುಮಕ್ಕಳೊಡನೆ ಸರಕಾರದ ಸಹಾಯಧನದಿಂದ ದಿನ ಕಳೆಯುವಂತಾಯಿತು. 1975ರಲ್ಲಿ ಡೆಟ್ರಾಯಿಟಿನ ಫೋರ್ಡ್ ಸಭಾಮಂದಿರದಲ್ಲಿ, ಪರೋಪಕಾರಾರ್ಥವಾಗಿ ನಡೆದ ಸಭೆಯೊಂದರಲ್ಲಿ ಅವಳು ಮತ್ತೆ ಹಾಡಿದಳು. 1976ರ ಫೆಬ್ರವರಿ 22ರಂದು, ಇನ್ನೂ 32 ವರುಷದವಳಾಗಿ, ಹೃದ್ರೋಗದಿಂದ ತೀರಿಕೊಂಡಳು.

ಮೇರಿ ವಿಲ್ಸನ್ನಳಾದರೋ ಮೇಳವನ್ನು ಕಡೆಯವರೆಗೆ ಬಿಡದವಳು. ರಾಸಳ ತರುವಾಯ ಜೀನ್ ಟೆರೆಲ್ ಮುಖ್ಯಗಾಯಕಿಯಾಗಿ ಬಂದಾಗ ‘ಅಪ್ ದ ಲ್ಯಾಡರ್ ಟು ದ ರೂಫ್’, ‘ಸ್ಟೋನ್ಡ್ ಲವ್’ ಎಂಬ 1970ರ ಹಾಡುಗಳು ಮೊದಲ ಹತ್ತರೊಳಗೆ ಬಂದವು. ಇವುಗಳಲ್ಲಿ ಮಿಲನಗುಣವು ಮತ್ತೆ ತಲೆಯೆತ್ತಿರುವುದನ್ನು ಸಹೃದಯರು ಗುರುತಿಸಬಲ್ಲರು. ಜನರು ಮಾತ್ರ ಹಳೆಯ ಮುಖವನ್ನೇ ಅರಸುತ್ತಿದ್ದರು. 1977ರ ಜೂನ್‌ನಲ್ಲಿ ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಮೇಳವು ಮಂಗಳ ಹಾಡಿತು. 1979ರಲ್ಲಿ ಬಂದ ವಿಲ್ಸನ್ನಳ ಏಕಲ ಸಂಪುಟವು ಸಾಧಾರಣವಾದುದು. ಹೊಂದಿಕೊಳ್ಳುವುದರಲ್ಲಿ ನುರಿತ ಕಂಠಕ್ಕೆ ಮುಂದಾಗಿ ನಡೆಯುವುದು ಸುಲಭವಲ್ಲ. ಅವಳ ನಿಜವಾದ ಏಕಲಕೃತಿಯು 1986ರ ‘ಡ್ರೀಮ್‌ಗರ್ಲ್’ ಎಂಬ ಆತ್ಮಕಥನ. ಅದರಲ್ಲಿ ರಾಸಳ ಮೇಲಣ ಕಹಿ ಅಲ್ಲಲ್ಲಿ ಮಿತಿಮೀರಿದ್ದರೂ, ಬ್ಯಾಲರ್ಡಳ ಹೆಸರನ್ನು ಮರಳಿ ಬೆಳಕಿಗೆ ತಂದ ಪುಣ್ಯವು ಅದರದೇ. 2021ರ ಫೆಬ್ರವರಿಯಲ್ಲಿ ವಿಲ್ಸನ್ನಳು ತೀರಿಕೊಳ್ಳುವವರೆಗೂ ಈ ಸ್ಮರಣಕಾರ್ಯವನ್ನು ಬಿಡಲಿಲ್ಲ. ತ್ರುಟಿತವಾದುದನ್ನು ನಿರ್ವಹಿಸಿದವಳು, ತಡವಾಗಿಯಾದರೂ, ಇವಳೊಬ್ಬಳೇ.

ರಾಸಳ ಏಕಲಗಾನವು ಎಷ್ಟು ಸೊಗಸಾದರೂ 1964ರ ಆ ಮೂರು ಧ್ವನಿಗಳ ಸರಳಗಾನಕ್ಕೆ ಸಮವಾಗಲಿಲ್ಲ. ಉಳಿದಿಬ್ಬರ ಏಕಲಗಾನವಂತೂ ಬೇರೂರಲೇ ಇಲ್ಲ. ಎರಡು ಪದಗಳನ್ನು ಪುನಃ ಪುನಃ ಹಾಡಿದವರ ಪಾಲು ಎಷ್ಟೆಂಬುದು ಅವರು ಇಲ್ಲದಾದಾಗಲೇ ಅಳತೆಗೆ ಸಿಕ್ಕಿತು. 2023ರಲ್ಲಿ ಜೀವಮಾನಸಾಧನೆಯ ಗ್ರ್ಯಾಮಿ ಗೌರವವು ಮೇಳಕ್ಕೆ ಸಂದಾಗ ರಾಸ್, ವಿಲ್ಸನ್, ಬ್ಯಾಲರ್ಡ್ ಎಂಬ ಮೂರು ಹೆಸರುಗಳೂ ಒಟ್ಟಾಗಿ ನಿಂತವು. ಸ್ವೀಕರಿಸಲು ಬದುಕಿದ್ದವಳು ಒಬ್ಬಳೇ. ವೃಂದದ ಆರು ಗುಣಗಳಲ್ಲಿ ಐದನ್ನು ಗುರುವು ಕಲಿಸಬಲ್ಲನು. ನಾಲ್ಕನೆಯದು ಮಾತ್ರ ಕಂಠದ ಗುಣವಲ್ಲ, ಹೃದಯದ ಗುಣ. ಮೋಟೌನಿನ ಪಾಠಶಾಲೆಯಲ್ಲಿ ಹೆಜ್ಜೆಗೂ ನುಡಿಗೂ ಅಧ್ಯಾಪಕರಿದ್ದರು, ಅದೊಂದಕ್ಕೆ ಇರಲಿಲ್ಲ.