ವೀರ, ಶೃಂಗಾರ, ಔಚಿತ್ಯ: ಸಲಿಂಗಪ್ರೇಮಿ ಸೈನಿಕನ ಪ್ರಶ್ನೆ

ನೋಯ್ಡಾ ನಗರದ ೨೯ನೆಯ ಸೆಕ್ಟರಿನಲ್ಲಿ ಒಂದು ಹುತಾತ್ಮ ಸ್ಮಾರಕವಿದೆ. ೨೦೦೨ರಲ್ಲಿ ಉದ್ಘಾಟನೆಗೊಂಡ ಅದು ಭೂಸೇನೆ, ನೌಕಾಸೇನೆ, ವಾಯುಸೇನೆಗಳಲ್ಲಿದ್ದು ನಾಡಿಗಾಗಿ ಮಡಿದ ಗೌತಮಬುದ್ಧನಗರ ಜಿಲ್ಲೆಯ ಯೋಧರ ನೆನಪಿಗೆ ಮೀಸಲಾದುದು. ಅದರ ಆಸುಪಾಸಿನಲ್ಲಿ ಅರುಣವಿಹಾರ, ತುಸು ದೂರದಲ್ಲಿ ಜಲವಾಯುವಿಹಾರ. ಎರಡೂ ಸೇನೆಯಲ್ಲಿ ದುಡಿದವರಿಗಾಗಿ ಎದ್ದ ಬಡಾವಣೆಗಳು. ಉದ್ಯೋಗನಿಮಿತ್ತವಾಗಿ ಈ ಕಡೆಗೆ ಬಂದು ನೆಲಸಿದ ಕನ್ನಡಿಗನು ಸಂಜೆಯ ಹೊತ್ತು ಆ ದಾರಿಯಲ್ಲಿ ನಡೆದರೆ, ತನ್ನೂರಿನ ಕೆರೆಯ ಏರಿಯ ಮೇಲೋ ಗುಡಿಯ ಮಗ್ಗುಲಲ್ಲೋ ನಿಂತ ವೀರಗಲ್ಲು ಅವನ ನೆನಪಿಗೆ ಬಾರದಿರದು. ಎರಡು ಕಲ್ಲುಗಳೂ ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತವೆ: ವೀರನೆಂದು ಯಾರನ್ನು ನೆನೆಯಬೇಕು, ಯಾವ ಅಳತೆಯಿಂದ ಅವನನ್ನು ಅಳೆಯಬೇಕು?

ವೀರಗಲ್ಲಿನ ರಚನೆ ವಿದ್ವಾಂಸರಿಗೆ ಪರಿಚಿತವಾದುದೇ. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು: ಕೆಳಗೆ ಕಾಳಗ, ನಡುವೆ ವೀರನನ್ನು ಮೇಲಕ್ಕೊಯ್ಯುವ ದೇವಕನ್ಯೆಯರು, ಮೇಲೆ ದೈವದ ಸನ್ನಿಧಿ. ಶಾಸನವಿದ್ದಲ್ಲಿ ಅದು ಹೇಳುವುದು ಸತ್ತವನು ಯಾರ ಆಳು, ಯಾವ ಊರಿನ ತುರುಗಳನ್ನು ಮರಳಿಸಲು ಕಾದಿದನು, ಹೇಗೆ ಮಡಿದನು ಎಂಬುದನ್ನು. ಜೋಳವಾಳಿ, ವೇಳೆವಾಳಿ ಎಂಬ ಹಳೆಯ ಮಾತುಗಳು ಇದೇ ಅಳತೆಯನ್ನು ಸೂಚಿಸುತ್ತವೆ. ಒಂದು ಉಂಡ ಅನ್ನದ ಋಣ, ಇನ್ನೊಂದು ಕೊಟ್ಟ ಮಾತಿನ ಋಣ. ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಈ ಕಲ್ಲುಗಳನ್ನು ನಿಲ್ಲಿಸಿದ ಸಮಾಜ ಸಲಿಂಗಪ್ರೇಮವನ್ನು ಒಪ್ಪಿತ್ತೆಂದು ಸಾಧಿಸುವುದು ಇಲ್ಲಿಯ ಉದ್ದೇಶವಲ್ಲ. ಅಂಥ ಸಾಧನೆಗೆ ಆಧಾರವೂ ಇಲ್ಲ. ವೀರಗಲ್ಲಿನ ಪಕ್ಕದಲ್ಲೇ ಮಾಸ್ತಿಕಲ್ಲು ನಿಂತಿದೆಯೆಂಬುದನ್ನು ಮರೆಯುವಂತೆಯೂ ಇಲ್ಲ. ಇಲ್ಲಿ ಗಮನಿಸಬೇಕಾದುದು ಇಷ್ಟೆ: ಸೈನಿಕನ ಮಾನವನ್ನು ಆ ಕಲ್ಲು ಅವನ ನಡತೆಯಲ್ಲಿ, ಅದರಲ್ಲಿಯೂ ರಣದ ನಡತೆಯಲ್ಲಿ, ಇಟ್ಟಿತು.

ಇಂದಿನ ಕಾಯಿದೆ ಆ ಮಾನವನ್ನು ಎಲ್ಲಿ ಇಟ್ಟಿದೆ? ೧೯೫೦ರ ಸೇನಾ ಕಾಯಿದೆಯ ೪೬ನೆಯ ವಿಧಿಯು ಕ್ರೂರವಾದ, ಅಸಭ್ಯವಾದ ಅಥವಾ ‘ಅಸ್ವಾಭಾವಿಕ’ವಾದ ಲಜ್ಜಾಸ್ಪದ ವರ್ತನೆಗೆ ಏಳು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ, ೪೫ನೆಯ ವಿಧಿಯು ಅಧಿಕಾರಿಯ ಸ್ಥಾನಕ್ಕೆ ತಕ್ಕುದಲ್ಲದ ನಡತೆಯನ್ನು ದಂಡಿಸುತ್ತದೆ. ‘ಅಸ್ವಾಭಾವಿಕ’ ಎಂಬ ಶಬ್ದ ಈ ನೆಲದಲ್ಲಿ ಹುಟ್ಟಿದುದಲ್ಲ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸೈನಿಕ ಕಾಯಿದೆಯ ಪದಪುಂಜವೇ ಇಲ್ಲಿಗೆ ಇಳಿದು ಬಂದಿದೆ. ದಂಡಸಂಹಿತೆಯ ೩೭೭ನೆಯ ವಿಧಿಯಾದರೂ ಅದೇ ಶತಮಾನದ್ದು. ೨೦೧೮ರ ಸೆಪ್ಟೆಂಬರ್ ೬ರಂದು ಸರ್ವೋಚ್ಚ ನ್ಯಾಯಾಲಯವು ನವತೇಜ್ ಸಿಂಗ್ ಜೋಹರ್ ಮೊಕದ್ದಮೆಯಲ್ಲಿ, ಪ್ರಾಪ್ತವಯಸ್ಕರ ಸಮ್ಮತಿಯ ಸಂಬಂಧವು ಆ ವಿಧಿಯಡಿ ಅಪರಾಧವಲ್ಲವೆಂದು ತೀರ್ಪಿತ್ತಿತು. ಆ ತೀರ್ಪಿಗೆ ನೆಲಗಟ್ಟಾದುದು ೨೦೧೭ರ ಆಗಸ್ಟ್ ೨೪ರ ಖಾಸಗಿತನದ ತೀರ್ಪು; ಅದರ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ಸ್ಮರಿಸತಕ್ಕ ಸಂಗತಿ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ೩೭೭ನೆಯ ವಿಧಿಯೇ ಇಲ್ಲ. ಸೇನಾ ಕಾಯಿದೆಯ ಮಾತು ಮಾತ್ರ ಹಾಗೆಯೇ ಉಳಿಯಿತು. ಸೈನಿಕರ ಮೂಲಭೂತ ಹಕ್ಕುಗಳನ್ನು ಎಷ್ಟರಮಟ್ಟಿಗೆ ಮಿತಗೊಳಿಸಬಹುದೆಂಬುದನ್ನು ಶಾಸನದ ಮೂಲಕ ನಿರ್ಧರಿಸಲು ಸಂವಿಧಾನದ ೩೩ನೆಯ ಅನುಚ್ಛೇದವು ಸಂಸತ್ತಿಗೆ ಅಧಿಕಾರ ಕೊಟ್ಟಿರುವುದರಿಂದ, ನಾಗರಿಕನಿಗೆ ತೆರೆದ ಬಾಗಿಲು ಸೈನಿಕನಿಗೆ ತಾನಾಗಿ ತೆರೆಯಲಿಲ್ಲ.

ತೀರ್ಪು ಬಂದ ನಾಲ್ಕು ತಿಂಗಳಿಗೆ, ೨೦೧೯ರ ಜನವರಿ ೧೦ರಂದು, ಸೇನಾದಿನಕ್ಕೆ ಮುನ್ನ ನಡೆಯುವ ಪತ್ರಿಕಾಗೋಷ್ಠಿಯಲ್ಲಿ ಅಂದಿನ ಭೂಸೇನಾ ಮುಖ್ಯಸ್ಥರಾದ ದಿವಂಗತ ಜನರಲ್ ಬಿಪಿನ್ ರಾವತ್ ಅವರು ಈ ವಿಷಯದಲ್ಲಿ ಸೇನೆಯ ನಿಲುವನ್ನು ತಿಳಿಸಿದರು. ಸೇನೆಯು ಸಂಪ್ರದಾಯಶೀಲವಾದುದು, ಇಂಥವನ್ನು ಅಲ್ಲಿ ಒಪ್ಪಲಾಗದು, ಸೇನಾ ಕಾಯಿದೆಯ ಪ್ರಕಾರವೇ ಕ್ರಮ ಮುಂದುವರಿಯುವುದು ಎಂಬುದು ಅವರ ಮಾತಿನ ತಾತ್ಪರ್ಯ. ಸೇನಾದಿನವೆಂಬುದು, ೧೯೪೯ರ ಜನವರಿ ೧೫ರಂದು ಕೊಡಗಿನ ಕಾರ್ಯಪ್ಪನವರು ಭಾರತೀಯರಲ್ಲಿ ಮೊದಲಿಗರಾಗಿ ಮಹಾದಂಡನಾಯಕತ್ವವನ್ನು ವಹಿಸಿಕೊಂಡುದರ ಸ್ಮರಣೆ. ಪರರ ಆಡಳಿತವನ್ನು ಕಳಚಿದ ದಿನದ ಹೊಸ್ತಿಲಲ್ಲಿ ನಿಂತು, ಪರರು ಬಿಟ್ಟುಹೋದ ಶಬ್ದವೊಂದನ್ನು ಸಂಪ್ರದಾಯವೆಂದು ಕರೆದಂತಾಯಿತು. ಸಂಪ್ರದಾಯವೆಂಬ ಮಾತನ್ನು ಬಳಸುವಾಗ ಅದು ಯಾರದು, ಯಾವಾಗಿನದು ಎಂದು ವಿಚಾರಿಸುವುದು ಸಂಶೋಧಕನ ಮೊದಲ ಕರ್ತವ್ಯ.

ಈ ನಿಲುವಿನ ಒಳಗಿರುವ ಭಾವನೆ ಹೆಚ್ಚು ಸ್ಪಷ್ಟವಾಗಿ ಕಾಣಬರುವುದು ಚಲಚ್ಚಿತ್ರವೊಂದರ ಪ್ರಕರಣದಲ್ಲಿ. ಮೇಜರ್ ಜೆ. ಸುರೇಶ್ ಎಂಬ ಅಧಿಕಾರಿ ಹನ್ನೊಂದು ವರ್ಷಕ್ಕೂ ಮೇಲ್ಪಟ್ಟು ಸೇವೆ ಸಲ್ಲಿಸಿ ಸೇನೆಯಿಂದ ಹೊರಬಂದರು. ೨೦೨೦ರಲ್ಲಿ ತಾವು ಸಲಿಂಗಪ್ರೇಮಿಯೆಂದೂ ಸೇನೆಯಲ್ಲಿ ಮುಚ್ಚಿಟ್ಟ ಬಾಳು ಎಂಥದೆಂದೂ ಬಹಿರಂಗವಾಗಿ ಬರೆದರು, ಮಾತನಾಡಿದರು. ‘ಐ ಆಮ್’ ಚಿತ್ರದ ನಿರ್ದೇಶಕ ಓನಿರ್ ಅವರು ಇದರಿಂದ ಪ್ರೇರಿತರಾಗಿ ಒಂದು ಚಿತ್ರಕಥೆಯನ್ನು ರಚಿಸಿದರು. ಸೇನೆಯನ್ನು ವಸ್ತುವಾಗಿ ಉಳ್ಳ ಚಿತ್ರಗಳಿಗೆ ರಕ್ಷಣಾ ಸಚಿವಾಲಯದ ನಿರಾಕ್ಷೇಪಣ ಪತ್ರ ಬೇಕೆಂಬ ಸೂಚನೆ ೨೦೨೦ರಲ್ಲಿ ಹೊರಟಿತ್ತು. ೨೦೨೨ರ ಜನವರಿಯಲ್ಲಿ ಆ ಪತ್ರವು ನಿರಾಕೃತವಾಯಿತು. ಕಾಶ್ಮೀರದಲ್ಲಿ ಸೇವೆಯಲ್ಲಿರುವ ಸೈನಿಕನಿಗೂ ಸ್ಥಳೀಯ ತರುಣನಿಗೂ ಪ್ರಣಯವನ್ನು ಚಿತ್ರಿಸಿರುವುದು ಸೇನೆಗೆ ಕುಂದು ತರುವುದೆಂದೂ ಭದ್ರತೆಯ ಪ್ರಶ್ನೆಗಳನ್ನು ಎಬ್ಬಿಸುವುದೆಂದೂ ಅದೇ ವರ್ಷ ಸರ್ಕಾರವು ಲೋಕಸಭೆಯಲ್ಲಿ ಕಾರಣವಿತ್ತಿತು.

ಕಾಣದ ಕೃತಿಯನ್ನು ಹೊಗಳುವುದೂ ತೆಗಳುವುದೂ ವಿಮರ್ಶೆಯ ಕೆಲಸವಲ್ಲ. ಕೋವಿ ಹಿಡಿದವನಿಗೂ ಆ ಕೋವಿಯ ನೆರಳಿನಲ್ಲಿ ಬಾಳುವವನಿಗೂ ನಡುವಣ ಪ್ರೇಮದಲ್ಲಿ ಸಮಾನತೆ ಸಾಧ್ಯವೆ ಎಂಬ ಪ್ರಶ್ನೆ ಕ್ಷುಲ್ಲಕವೂ ಅಲ್ಲ. ಆದರೆ ಆ ಪ್ರಶ್ನೆ ತರುಣಿಯೊಬ್ಬಳ ವಿಷಯದಲ್ಲಿಯೂ ಅಷ್ಟೇ ಏಳುತ್ತದೆ. ಸೈನಿಕನ ಪ್ರಣಯವನ್ನು ಹಾಡಿ ಕುಣಿಸಿದ ಚಿತ್ರಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದಕಾರಣ ‘ಕುಂದು’ ಎಂಬ ಮಾತು ನಿಜವಾಗಿ ಒಂದು ರಸನಿರ್ಣಯ. ಪ್ರೇಮವು ಈ ಬಗೆಯದಾದರೆ ವೀರವು ಕೆಡುತ್ತದೆ ಎಂದು ಸಚಿವಾಲಯವು, ತಾನರಿಯದೆಯೆ, ಅಲಂಕಾರಶಾಸ್ತ್ರದ ಗದ್ದುಗೆಯಲ್ಲಿ ಕುಳಿತು ತೀರ್ಪು ಕೊಟ್ಟಿದೆ. ಕೊಟ್ಟ ತೀರ್ಪನ್ನು ಆ ಶಾಸ್ತ್ರದಿಂದಲೇ ಪರೀಕ್ಷಿಸುವುದು ಅನ್ಯಾಯವಾಗಲಾರದು.

ರಸಗಳ ಪರಸ್ಪರ ವಿರೋಧಾವಿರೋಧಗಳನ್ನು ಚರ್ಚಿಸುವಾಗ ಆನಂದವರ್ಧನನು ವೀರ ಶೃಂಗಾರಗಳನ್ನು ವಿರೋಧವಿಲ್ಲದವುಗಳ ಸಾಲಿನಲ್ಲಿ ಎಣಿಸುತ್ತಾನೆ. ಅವನು ಉದಾಹರಿಸುವ ಪ್ರಸಂಗವೊಂದು ಮಹಾಭಾರತದ ಸ್ತ್ರೀಪರ್ವದ್ದು: ರಣರಂಗದಲ್ಲಿ ಭೂರಿಶ್ರವನ ಕಡಿದ ಕೈಯನ್ನು ಅವನ ಮಡದಿ ಗುರುತಿಸುತ್ತಾಳೆ, ಕತ್ತಿ ಹಿಡಿದ ಕೈಯಾಗಿ ಅಲ್ಲ, ತನ್ನನ್ನು ಮುಟ್ಟಿದ ಕೈಯಾಗಿ. ಆ ಸ್ಮರಣೆಯಿಂದ ಭೂರಿಶ್ರವನ ಶೌರ್ಯಕ್ಕೆ ಕುಂದು ಬಂತೆಂದು ಯಾವ ಸಹೃದಯನೂ ಹೇಳಲಿಲ್ಲ. ಕರುಣವು ಇಮ್ಮಡಿಸಿತೆಂದೇ ಎಲ್ಲರೂ ಕಂಡರು. ವೀರಗಲ್ಲಿನ ನಡುಪಟ್ಟಿಕೆಯ ದೇವಕನ್ಯೆಯರೂ ಇದನ್ನೇ ಸಾರುತ್ತಾರೆ. ಔಚಿತ್ಯಭಂಗವಾಗುವುದು ಸೈನಿಕನು ಪ್ರೀತಿಸಿದುದರಿಂದಲ್ಲ. ಪ್ರೀತಿಗಾಗಿ ಕರ್ತವ್ಯವನ್ನು ಕೈಬಿಟ್ಟರೆ ಮಾತ್ರ. ಪ್ರೀತಿಯ ಪಾತ್ರ ಹೆಣ್ಣೋ ಗಂಡೋ ಎಂಬುದರಿಂದ ಈ ನಿಯಮ ಬದಲಾಗಬೇಕಾದರೆ ಅದಕ್ಕೆ ಬೇರೆಯೇ ಕಾರಣವನ್ನು ಕೊಡಬೇಕಾಗುತ್ತದೆ.

ಕೊಡುವ ಕಾರಣ ಶಿಸ್ತು. ಒಂದೇ ಬಿಡಾರದಲ್ಲಿ ಮಲಗೇಳುವವರ ನಡುವೆ ವಿಶ್ವಾಸ ಕೆಡಬಾರದು, ಮೇಲಧಿಕಾರಿ ಕೈಕೆಳಗಿನವನ ಮೇಲೆ ಅನುಚಿತ ಒತ್ತಡ ಹೇರಬಾರದು ಎಂಬ ಕಾಳಜಿ ಯಥಾರ್ಥವಾದುದು. ಸೈನ್ಯದ ಬಾಳನ್ನು ಬಲ್ಲವರು ಅದನ್ನು ಹಗುರವಾಗಿ ಕಾಣರು. ಆದರೆ ಅದು ನಡತೆಗೆ ಸಂಬಂಧಿಸಿದ ಕಾಳಜಿ, ಸ್ವಭಾವಕ್ಕಲ್ಲ. ಬ್ರಿಟನ್ನಿನಲ್ಲಿ ವಾಯುಸೇನೆಯ ಶುಶ್ರೂಷಕಿ ಜೀನೆಟ್ ಸ್ಮಿತ್, ಅದೇ ಸೇನೆಯ ಗ್ರೇಮ್ ಗ್ರೇಡಿ, ನೌಕಾಸೇನೆಯ ಡಂಕನ್ ಲಸ್ಟಿಗ್-ಪ್ರೀನ್ ಮತ್ತು ಜಾನ್ ಬೆಕೆಟ್ ಇವರು ತಮ್ಮನ್ನು ವಜಾ ಮಾಡಿದುದನ್ನು ಪ್ರಶ್ನಿಸಿದಾಗ, ೧೯೯೯ರ ಸೆಪ್ಟೆಂಬರಿನಲ್ಲಿ ಯುರೋಪಿನ ಮಾನವಹಕ್ಕುಗಳ ನ್ಯಾಯಾಲಯವು ಬಹುಸಂಖ್ಯಾತರ ಪೂರ್ವಗ್ರಹವೇ ಬಹಿಷ್ಕಾರಕ್ಕೆ ಸಮರ್ಥನೆಯಾಗದೆಂದು ಹೇಳಿತು. ೨೦೦೦ದ ಜನವರಿಯಲ್ಲಿ ನಿಷೇಧ ಬಿದ್ದುಹೋಯಿತು. ಅದರ ಸ್ಥಾನದಲ್ಲಿ ಬಂದುದು ಎಲ್ಲರಿಗೂ ಒಂದೇ ಆದ ನಡತೆಯ ಸಂಹಿತೆ: ವರ್ತನೆಯಿಂದ ಪಡೆಯ ಕಾರ್ಯಸಾಮರ್ಥ್ಯಕ್ಕೆ ಹಾನಿಯಾಯಿತೆ ಎಂಬುದೊಂದೇ ಅದರ ಪ್ರಶ್ನೆ. ೨೦೨೩ರ ಜುಲೈಯಲ್ಲಿ ಅಲ್ಲಿಯ ಪ್ರಧಾನಿ ಹಳೆಯ ಅನ್ಯಾಯಕ್ಕಾಗಿ ಕ್ಷಮೆ ಯಾಚಿಸಿದರು. ಆ ಶಬ್ದವನ್ನು ಇಲ್ಲಿಗೆ ತಂದವರು ತಮ್ಮ ತಪ್ಪನ್ನು ಒಪ್ಪಿಕೊಂಡರು. ಇಸಿದುಕೊಂಡವರು ಅದನ್ನಿನ್ನೂ ಜೋಪಾನ ಮಾಡುತ್ತಿದ್ದಾರೆ.

ಹಳ್ಳಿಗಾಡಿನಿಂದ ಬಂದ ಜವಾನರು ಇದನ್ನು ಒಪ್ಪಲಾರರೆಂಬ ವಾದವೂ ಹೊಸದಲ್ಲ. ಮಹಿಳಾ ಅಧಿಕಾರಿಗಳ ಆಜ್ಞೆಯನ್ನು ಅವರು ಒಪ್ಪಲಾರರೆಂದು ಬಬಿತಾ ಪುನಿಯಾ ಮೊಕದ್ದಮೆಯಲ್ಲಿ ಸರ್ಕಾರ ವಾದಿಸಿತ್ತು. ೨೦೨೦ರ ಫೆಬ್ರವರಿ ೧೭ರಂದು ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಹಳ್ಳಿಯವನ ಹೆಸರಿನಲ್ಲಿ ಪೇಟೆಯವನು ತನ್ನ ಅಂಜಿಕೆಯನ್ನು ಮಂಡಿಸುವುದು ಈ ದೇಶದಲ್ಲಿ ಹಳೆಯ ಪರಿಪಾಟ.

ಭದ್ರತೆಯ ವಾದವಂತೂ ತನ್ನನ್ನೇ ತಾನು ಖಂಡಿಸಿಕೊಳ್ಳುತ್ತದೆ. ಗುಟ್ಟುಳ್ಳವನನ್ನು ಶತ್ರು ಬೆದರಿಸಬಲ್ಲನೆಂಬುದು ದಿಟ. ಆದರೆ ಗುಟ್ಟನ್ನು ಸೃಷ್ಟಿಸಿದವರು ಯಾರು? ಹೇಳಿದರೆ ಶಿಕ್ಷೆ, ಮುಚ್ಚಿಟ್ಟರೆ ಬಡ್ತಿ ಎಂಬ ವ್ಯವಸ್ಥೆಯು ಸತ್ಯವನ್ನು ದಂಡಿಸಿ ಸುಳ್ಳನ್ನು ಪೋಷಿಸುತ್ತದೆ. ಅಧಿಕಾರಿಯ ಮಾತೇ ಪ್ರಮಾಣವೆಂದು ನಂಬಿದ ಸಂಸ್ಥೆಗೆ ಇದಕ್ಕಿಂತ ದೊಡ್ಡ ಶಿಸ್ತುಭಂಗ ಬೇರೊಂದಿಲ್ಲ. ಅಮೆರಿಕದಲ್ಲಿ ಕೇಳಬೇಡ, ಹೇಳಬೇಡ ಎಂಬ ನೀತಿಯು ೧೯೯೩ರಲ್ಲಿ ಶಾಸನವಾಗಿ, ೨೦೧೧ರಲ್ಲಿ ಕೊನೆಗಾಣುವ ವೇಳೆಗೆ, ಅದರ ಪ್ರಕಾರ ಹದಿಮೂರು ಸಾವಿರಕ್ಕೂ ಮಿಕ್ಕಿದ ಸೈನಿಕರು ಹೊರದೂಡಲ್ಪಟ್ಟಿದ್ದರು.

ಅದಕ್ಕೂ ಮುಂಚೆ, ೧೯೭೫ರಲ್ಲಿ, ವಿಯೆಟ್ನಾಮಿನಲ್ಲಿ ಗಾಯಗೊಂಡು ಪದಕಗಳನ್ನು ಪಡೆದ ವಾಯುಸೇನೆಯ ಲೆನರ್ಡ್ ಮ್ಯಾಟ್ಲೊವಿಚ್ ತಾನಾಗಿ ಸತ್ಯವನ್ನು ತಿಳಿಸಿ ವಜಾ ಆದನು. ೧೯೮೮ರಲ್ಲಿ ತೀರಿಕೊಂಡ ಅವನ ಸಮಾಧಿ ವಾಷಿಂಗ್ಟನ್ನಿನಲ್ಲಿದೆ. ಇಬ್ಬರನ್ನು ಕೊಂದುದಕ್ಕೆ ಪದಕ ದೊರೆಯಿತು, ಒಬ್ಬನನ್ನು ಪ್ರೀತಿಸಿದುದಕ್ಕೆ ವಜಾ ದೊರೆಯಿತು ಎಂಬರ್ಥದ ಮಾತು ಅಲ್ಲಿ ಕೆತ್ತಿದೆ. ಅದು ಈ ಚಳವಳಿಯ ವೀರಗಲ್ಲು. ವಿಮರ್ಶಕನ ಕಣ್ಣಿಗೆ ಅದರ ಬಲವೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಕೊಲ್ಲುವುದನ್ನೂ ಪ್ರೀತಿಸುವುದನ್ನೂ ಎದುರುಬದುರು ನಿಲ್ಲಿಸಿ ಅದು ವ್ಯಂಗ್ಯವನ್ನು ಸಾಧಿಸುತ್ತದೆ. ಅಷ್ಟರಮಟ್ಟಿಗೆ ವೀರಕ್ಕೂ ಪ್ರೇಮಕ್ಕೂ ವೈರವೆಂಬ ಎದುರಾಳಿಯ ಪ್ರತಿಜ್ಞೆಯನ್ನು ತಾನೂ ಒಪ್ಪಿಕೊಂಡುಬಿಡುತ್ತದೆ. ಭಾರತೀಯ ಸೈನಿಕನ ಪರವಾಗಿ ವಾದಿಸುವವರಿಗೆ ಈ ವೈರವನ್ನು ಒಪ್ಪಬೇಕಾದ ಅಗತ್ಯವಿಲ್ಲ. ಅವನು ಪದಕವನ್ನೂ ಪ್ರೀತಿಯನ್ನೂ ಒಟ್ಟಿಗೆ ಕೇಳಬಹುದು.

ಕೇಳಿದರೆ ದೊರೆಯುವುದೇನು? ೨೦೧೮ರ ಡಿಸೆಂಬರಿನಲ್ಲಿ ಸಂಸದ ಜಗದಂಬಿಕಾ ಪಾಲ್ ಅವರು ಮೂರೂ ಸೇನೆಗಳ ಕಾಯಿದೆಗಳನ್ನು ತಿದ್ದಲು ಲೋಕಸಭೆಯಲ್ಲಿ ಖಾಸಗಿ ವಿಧೇಯಕವನ್ನು ಮಂಡಿಸಿದರು. ಅದು ಅಂಗೀಕಾರವಾಗದೆ ಬಿದ್ದುಹೋಯಿತು. ೨೦೨೩ರ ಅಕ್ಟೋಬರ್ ೧೭ರಂದು ಸುಪ್ರಿಯೊ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಆದುದರಿಂದ ಇಂದು ಅಂಥ ಸೈನಿಕನೊಬ್ಬನು ಗಡಿಯಲ್ಲಿ ಮಡಿದರೆ, ಅವನ ಜೀವನಸಂಗಾತಿಗೆ ಪತಿ ಪತ್ನಿಯರಿಗೆ ಸಲ್ಲುವ ಕುಟುಂಬ ಪಿಂಚಣಿಯ ಹಕ್ಕಿಲ್ಲ. ಅವನ ಕೈಯನ್ನು ಗುರುತಿಸಿ ಅಳಲು ಭೂರಿಶ್ರವನ ಮಡದಿಗಿದ್ದ ಅಧಿಕಾರವೂ ಆ ಸಂಗಾತಿಗಿಲ್ಲ. ನೆತ್ತರನ್ನು ಪಡೆದ ರಾಜ್ಯವು ನೆತ್ತರುಗೊಡಗೆಯನ್ನು ಉಳಿಸಿಕೊಂಡಂತಾಯಿತು. ಹತ್ತನೆಯ ಶತಮಾನದ ಊರಗೌಡನೂ ನಾಚುತ್ತಿದ್ದ ಲೆಕ್ಕಾಚಾರವಿದು.

ಇದನ್ನು ಹೇಳಬೇಕಾದವನು ಸೈನಿಕನೇ. ಆದರೆ ಅವನು ಹೇಳುವಂತಿಲ್ಲ. ಸೇವೆಯಲ್ಲಿರುವವನು ಸಂಘಗಳನ್ನು ಸೇರುವುದನ್ನೂ ಸಭೆಗಳಲ್ಲಿ ಭಾಗವಹಿಸುವುದನ್ನೂ ಪತ್ರಿಕೆಗಳಿಗೆ ಬರೆಯುವುದನ್ನೂ ಸೇನಾ ಕಾಯಿದೆಯ ೨೧ನೆಯ ವಿಧಿಯಡಿ ನಿರ್ಬಂಧಿಸಬಹುದಾಗಿದೆ. ಭಾರತದಲ್ಲಿ ಈ ಹೋರಾಟವು ಮೆರವಣಿಗೆಯಾಗಿ ಅಲ್ಲದೆ ನಿವೃತ್ತನೊಬ್ಬನ ಬರೆಹವಾಗಿ, ನಿರ್ದೇಶಕನೊಬ್ಬನ ತಿರಸ್ಕೃತ ಚಿತ್ರಕಥೆಯಾಗಿ, ಸಂಸದನೊಬ್ಬನ ಬಿದ್ದುಹೋದ ವಿಧೇಯಕವಾಗಿ ಕಾಣಿಸಿಕೊಂಡಿರುವುದಕ್ಕೆ ಇದೇ ಕಾರಣ. ವಸುಧೇಂದ್ರರ ‘ಮೋಹನಸ್ವಾಮಿ’ (೨೦೧೩) ಪ್ರಕಟವಾದ ಮೇಲೆ ಕನ್ನಡ ಓದುಗರಿಗೆ ಇಂಥ ಬಾಳಿನ ಒಳಗುದಿ ಅಪರಿಚಿತವೆಂದು ಹೇಳುವಂತಿಲ್ಲ. ಇನ್ನು ನೋಯ್ಡಾದಂಥ ಊರಿನಲ್ಲಿ, ಸೇನೆಯ ನಿರ್ಬಂಧದಿಂದ ಬಿಡುಗಡೆ ಹೊಂದಿ ಅದರ ಗೌರವವನ್ನು ಮಾತ್ರ ಉಳಿಸಿಕೊಂಡ ನಿವೃತ್ತರು ಬೀದಿ ಬೀದಿಯಲ್ಲಿದ್ದಾರೆ; ಕನ್ನಡಿಗರ ನೆರೆಹೊರೆಯವರೇ ಆಗಿದ್ದಾರೆ. ಅವರ ಒಂದು ಮಾತು ನೂರು ಲೇಖನಗಳಿಗಿಂತ ಮಿಗಿಲು. ತಮ್ಮ ಪಡೆಯಲ್ಲಿ ಅಂಥವರು ಇದ್ದರು, ಚೆನ್ನಾಗಿ ಕಾದಿದರು ಎಂದು ಬಲ್ಲವರು ಬಾಯಿಬಿಟ್ಟು ಹೇಳಿದರೆ ಸಾಕು. ಸಂಪ್ರದಾಯವೆಂಬ ಮಾತು ತನ್ನ ನಿಜವಾದ ಅರ್ಥಕ್ಕೆ ಮರಳುತ್ತದೆ. ಸ್ಮಾರಕದ ಕಲ್ಲು ಮಡಿದವನ ಪ್ರೀತಿಯನ್ನು ಕೇಳುವುದಿಲ್ಲ. ಬದುಕಿರುವವನನ್ನೂ ಆ ಅಳತೆಯಿಂದಲೇ ಅಳೆಯಬೇಕೆಂಬುದು ನ್ಯಾಯ.